ಮಲಗಲೊಪ್ಪದ ಕಂಪ್ಯೂಟರು

ಅಂತ್ಯಸಂಸ್ಕಾರ ಮುಗಿದ ಮೇಲೆ ಯಾರೂ ಬಾಗಿಲು ತಟ್ಟದ ಮೊದಲ ಬೆಳಿಗ್ಗೆ ಅದು. ಬಾಡಿಗೆಗೆ ತಂದ ಕುರ್ಚಿಗಳು ಹಿಂದಿನ ಸಂಜೆಯೇ ಹೋಗಿದ್ದವು. ನಲ್ಲಿಯಲ್ಲಿ ನೀರು ಬಂತು, ಹಿಡಿದೆ. ಹಾಲು ಕಾಯಿಸಿದೆ. ಅತ್ತೆ ಪೇಪರು ಬಿಡಿಸಿ, ಓದದೆ, ಹಾಗೇ ಮಡಿಸಿಟ್ಟರು. ಮೇಲಿನ ಮನೆಯವರು ಎಂದಿನಂತೆ ಕುರ್ಚಿ ಎಳೆದಾಡಿದರು. ಇಷ್ಟು ದಿನ ಅವರು ನಮಗಾಗಿ ಮೆಲ್ಲಗೆ ಓಡಾಡುತ್ತಿದ್ದರು ಎಂಬುದು ಆಗ ಗೊತ್ತಾಯಿತು.

ತಿಂಡಿಯಾದ ಮೇಲೆ ನಾನು ಕಂಪ್ಯೂಟರಿನ ಮುಂದೆ ಕೂತೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ನಾನು ಸಸ್ಯಶಾಸ್ತ್ರ ಓದಿದವಳು. ಶಾಲಾ ಪುಸ್ತಕಗಳಿಗೆ ಗಿಡಗಳ ಚಿತ್ರ ಬರೆದುಕೊಡುತ್ತೇನೆ. ಸೀಳಿದ ಬೇರು, ಅರ್ಧ ಕತ್ತರಿಸಿದ ಹೂವು, ಎಲೆಯ ಅಡಿಭಾಗ. ಅವನು, ನನ್ನ ಗಂಡ, ಕಟ್ಟಡಗಳ ನಕ್ಷೆ ಎಳೆಯುತ್ತಿದ್ದ. ಹಗಲು ಆಫೀಸಿನಲ್ಲಿ, ಸಂಜೆ ಮನೆಯಲ್ಲಿ. ಊಟದ ಕೋಣೆಯ ಮೂಲೆಯ ಕಂಪ್ಯೂಟರು ನಮ್ಮಿಬ್ಬರದೂ. ಅವನು ಅದನ್ನು ಪೂರ್ತಿ ಆರಿಸುತ್ತಿರಲಿಲ್ಲ, ಮಲಗಿಸುತ್ತಿದ್ದ. ಹಾಗೆ ಮಾಡಿದರೆ ತೆರೆದಿಟ್ಟ ನಕ್ಷೆಗಳೆಲ್ಲ ತೆರೆದೇ ಇರುತ್ತವೆ. ಮರುದಿನ ಒಂದು ಗುಂಡಿ ಒತ್ತಿದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. “ಬಾಗಿಲು ಹಾಕಿ ಬೀಗ ಜಡಿಯೋದು ಯಾಕೆ, ಸುಮ್ಮನೆ ಓರೆ ಮಾಡಿದ್ರೆ ಸಾಕಲ್ಲ,” ಎನ್ನುತ್ತಿದ್ದ.

ಕೆಲವು ವಾರಗಳಿಂದ ಅದು ಮಲಗಲು ಒಪ್ಪುತ್ತಿರಲಿಲ್ಲ. ಪರದೆ ಕಪ್ಪಾಗುತ್ತಿತ್ತು, ಆದರೆ ಒಳಗೆ ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ನೀಲಿ ಪರದೆ, ಅದರ ಮೇಲೆ ಬಿಳಿ ಅಕ್ಷರಗಳ ಕ್ಷಮಾಪಣೆ, ಆಮೇಲೆ ತಾನಾಗಿ ಆರಿ ತಾನಾಗಿ ಹೊತ್ತಿಕೊಳ್ಳುವುದು. ಉಳಿಸಿಡದ ಕೆಲಸವೆಲ್ಲ ನೀರುಪಾಲು.

ನನ್ನ ಪೆನ್ನೇ ಕಾರಣ ಎಂದು ಅವನ ವಾದ. ಚಿತ್ರ ಬರೆಯಲು ನಾನೊಂದು ಹಲಗೆ ಮತ್ತು ಪೆನ್ನು ಕೊಂಡಿದ್ದೆ. ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಬರೆಯುವಂಥದ್ದು. ಅವನು ಹೋಗುವ ಹಿಂದಿನ ಸಂಜೆಯೂ ಅದೇ ಜಗಳ.

“ಇದು ಬಂದ ಮೇಲೇ ಶುರುವಾಗಿದ್ದು,” ಎಂದ.

“ಬಂದ ಮೇಲೆ ಅಂದ್ರೆ ಇದರಿಂದ ಅಂತಲಾ? ನಿಮ್ಮಮ್ಮ ಬಂದ ಮೇಲೆ ನಲ್ಲಿ ಸೋರೋಕೆ ಶುರುವಾಯ್ತು.”

“ನನ್ನನ್ನ ಯಾಕೆ ಎಳೀತೀರಿ ನಿಮ್ಮ ಪಂಚಾಯಿತಿಗೆ?” ಎಂದರು ಒಳಗಿನಿಂದ ಅತ್ತೆ. “ಪಾಪ, ಅವಳ ಪೆನ್ನು ಏನು ಮಾಡಿತೋ ನಿಂಗೆ?”

“ಅದರದ್ದೇ ಕಾಟ. ಬೇರೆ ಇನ್ನೇನೂ ಹೊಸದಾಗಿ ಹಾಕಿಲ್ಲ.”

“ಸಾಬೀತು ಮಾಡು ಹಾಗಾದ್ರೆ,” ಎಂದೆ.

ಕಂಪ್ಯೂಟರನ್ನು ಪೂರ್ತಿ ಆರಿಸಿ ಎದ್ದುಹೋದ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಹೊರಟ. ಆಫೀಸಿನ ಮೆಟ್ಟಿಲಲ್ಲಿ, ಎರಡು ಮಹಡಿಗಳ ನಡುವೆ, ಸುಮ್ಮನೆ ಕೂತನಂತೆ. ಹತ್ತುತ್ತಿದ್ದವರು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾನೆ ಎಂದುಕೊಂಡು ಪಕ್ಕದಿಂದ ಹೋದರಂತೆ. ಆಸ್ಪತ್ರೆಯ ಡಾಕ್ಟರು ಹೃದಯ ಎಂದರು. ಮೂವತ್ತನಾಲ್ಕಕ್ಕೂ ಆಗುತ್ತದೆ, ಯಾರಿಗೂ ಮೊದಲೇ ಗೊತ್ತಾಗುವಂಥದ್ದಲ್ಲ ಎಂದರು. ಅತ್ತೆ ಆ ಮಾತನ್ನು ಬಂದವರಿಗೆಲ್ಲ ಹೇಳಿದರು. ಯಾರಿಗೂ ಗೊತ್ತಾಗುವಂಥದ್ದಲ್ಲವಂತೆ.

ನನಗೆ ಉಳಿದದ್ದು ಆ ಜಗಳ. ಅದು ಅರ್ಧಕ್ಕೇ ನಿಂತಿತ್ತು. ನನ್ನ ಪೆನ್ನೋ ಅಲ್ಲವೋ, ಅಷ್ಟು ತಿಳಿಯಬೇಕಿತ್ತು.

ಅವನ ತಂಗಿ, ನನ್ನ ನಾದಿನಿ, ಆಫೀಸಿಗೆ ಹೋಗುವ ದಾರಿಯಲ್ಲಿ ಒಳಗೆ ಬಂದಳು. ಚಪ್ಪಲಿ ಬಿಡಲೂ ಇಲ್ಲ.

“ಅತ್ತಿಗೆ, ಬೆಳಿಗ್ಗೆ ಬೆಳಿಗ್ಗೆನೇ ಈ ಪೀಡೆ ಮುಂದೆ ಕೂತ್ರಾ? ಭಾನುವಾರ ನಮ್ಮನೆಯವರು ಕಾರು ತರ್ತಾರೆ, ಅಂಗಡಿಗೆ ಹಾಕೋಣ. ಎಲ್ಲಾ ಒರೆಸಿ ಹೊಸದಾಗಿ ತುಂಬಿಕೊಡ್ತಾರೆ. ಒಂದು ಗಂಟೆ ಕೆಲಸ.”

“ಬೇಡ.”

“ಅಣ್ಣನ ಫೈಲೆಲ್ಲ ಬೇರೆ ಕಡೆ ತೆಗೆದಿಡೋಕೆ ಹೇಳ್ತೀನಿ, ಹೆದರಬೇಡಿ.”

“ಫೈಲಿಗಲ್ಲ. ಒರೆಸಿಬಿಟ್ರೆ ಯಾವುದರಿಂದ ಕೆಡ್ತಿತ್ತು ಅಂತ ಗೊತ್ತಾಗಲ್ಲ.”

ಅವಳು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡಳು. “ಗೊತ್ತಾಗಿ ಏನು ಮಾಡ್ತೀರಿ ಅತ್ತಿಗೆ? ಯಾರ ಹತ್ರ ಹೇಳ್ತೀರಿ?”

ನಾನು ಪರದೆಯತ್ತ ತಿರುಗಿದೆ.

“ಏನೋ ಮಾಡ್ಕೊಳ್ಳಲಿ ಬಿಡೇ,” ಎಂದರು ಅತ್ತೆ. “ಕೈಗೊಂದು ಕೆಲಸ ಬೇಕು ಅವಳಿಗೆ. ನೀನು ನಡಿ, ಬಸ್ಸು ಹೋಗುತ್ತೆ.”

“ಭಾನುವಾರದವರೆಗೆ ಅಷ್ಟೇ,” ಎಂದು ನಾದಿನಿ ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು ಹೋದಳು. ಅವಳ ಅಂಗೈ ಅವನದರಂತೆಯೇ ಬಿಸಿ.

ಕಂಪ್ಯೂಟರಿಗೆ ಸಿಕ್ಕಿಸಿದ ಪ್ರತಿಯೊಂದು ಸಾಧನಕ್ಕೂ, ಪ್ರಿಂಟರಿಗೂ ಸ್ಪೀಕರಿಗೂ ಮೌಸಿಗೂ, ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮೊಂದು ಇರುತ್ತದೆ. ಸಾಧನದ ಪರವಾಗಿ ಮಾತಾಡುವುದು ಅದೇ. ಮಲಗುವ ಮುಂಚೆ ಕಂಪ್ಯೂಟರು ಒಂದೊಂದೇ ಡ್ರೈವರಿಗೆ ‘ಮಲಗುವ ಹೊತ್ತಾಯಿತು’ ಎಂದು ಹೇಳಿಕಳಿಸುತ್ತದೆ. ಪ್ರತಿಯೊಂದೂ ತನ್ನ ಸಾಧನವನ್ನು ಸುಮ್ಮನಾಗಿಸಿ ‘ಆಯಿತು’ ಎನ್ನಬೇಕು. ಒಂದೇ ಒಂದು ಉತ್ತರ ಕೊಡದಿದ್ದರೂ ಇಡೀ ಯಂತ್ರ ಕಾಯುತ್ತದೆ. ಕಾಯುವಷ್ಟು ಕಾದು, ಕುಸಿಯುತ್ತದೆ.

ಅತ್ತೆಗೆ ಇದನ್ನು ಹೇಳಿದೆ.

“ಎಷ್ಟಿದಾವೆ ಅಂಥವು?”

“ನೂರಕ್ಕೂ ಹೆಚ್ಚು.”

“ಅಷ್ಟೊಂದು ಜನರಲ್ಲಿ ಒಬ್ಬ ಮುನಿಸಿಕೊಂಡ್ರೂ ಮನೆ ದೀಪ ಆರಿಸೋ ಹಾಗಿಲ್ಲ,” ಎಂದರು. “ನಮ್ಮ ತವರುಮನೆ ಥರ.”

ಮೊದಲು ನನ್ನದನ್ನೇ ಪರೀಕ್ಷಿಸಿದೆ. ಪೆನ್ನಿನ ಹಲಗೆಯ ತಂತಿ ಕಿತ್ತೆ, ಅದರ ಡ್ರೈವರನ್ನು ತೆಗೆದುಹಾಕಿದೆ, ಕಂಪ್ಯೂಟರನ್ನು ಮಲಗಿಸಿ ಕಾದೆ. ಅತ್ತೆ ಪಕ್ಕದಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಅವನ ಅಂಗಿಯೊಂದು ಬಂತು. ಅದನ್ನೂ ಮಡಿಸಿದರು.

“ಮಲಗಿತಾ?”

“ಇನ್ನೂ ಇಲ್ಲ. ಫ್ಯಾನು ತಿರುಗ್ತಿದೆ.”

“ಹಠಮಾರಿ ಮಗು ಹಾಗೆ. ಕಣ್ಣು ಮುಚ್ಚಿಕೊಂಡು ನಾಟಕ.”

ನೀಲಿ ಪರದೆ ಬಂತು.

ಪೆನ್ನಿಲ್ಲದೆಯೂ ಕುಸಿದಿತ್ತು. ಆದರೆ ತೆಗೆದದ್ದೆಲ್ಲ ಪೂರ್ತಿ ಹೋಗಿರುತ್ತದೆ ಎಂದೇನಿಲ್ಲ, ಚೂರುಪಾರು ಉಳಿದಿರಬಹುದು. ಕಳೆ ಕಿತ್ತವರಿಗೆ ಗೊತ್ತು. ಪ್ರಿಂಟರು ತೆಗೆದು ನೋಡಿದೆ. ಸ್ಪೀಕರು ತೆಗೆದು ನೋಡಿದೆ. ಪ್ರತಿ ಸಲವೂ ಅದೇ ಕಪ್ಪು, ಅದೇ ಕಾಯುವಿಕೆ, ಅದೇ ನೀಲಿ. ಮರುದಿನವೂ ಹಾಗೇ. ಅದರ ಮರುದಿನ ಅತ್ತೆಗೇ ಅಭ್ಯಾಸವಾಗಿ, ಫ್ಯಾನಿನ ಸದ್ದಿಗೆ ಕಿವಿಯಿಟ್ಟು “ಇದೂ ಅಲ್ಲ, ಮುಂದಿನದು ನೋಡು” ಎನ್ನುತ್ತಿದ್ದರು.

ಹೀಗೆ ನೂರು ಸಲ ಮಾಡುವಂತಿರಲಿಲ್ಲ. ಓದಿ ತಿಳಿದುಕೊಂಡೆ: ಕುಸಿಯುವ ಕ್ಷಣದಲ್ಲಿ ಕಂಪ್ಯೂಟರು ತನ್ನ ನೆನಪಿನ ಒಂದು ತುಣುಕನ್ನು ಫೈಲಾಗಿ ಬಿಟ್ಟುಹೋಗುತ್ತದೆ. ಯಾರಿಗೆ ಹೇಳಿಕಳಿಸಿತ್ತು, ಯಾರ ಉತ್ತರಕ್ಕೆ ಕಾಯುತ್ತಿತ್ತು ಎಂಬುದು ಅದರಲ್ಲಿರುತ್ತದೆ. ಅದನ್ನು ಬಿಡಿಸಿ ನೋಡುವ ಉಪಕರಣ ಪುಕ್ಕಟೆ ಸಿಗುತ್ತದೆ. ತೆರೆದರೆ ಸಾಲು ಸಾಲು ಅಂಕಿಗಳು. ನನಗೆ ಅದು ಹೊಸದೆನಿಸಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ಎಲೆ ಇಟ್ಟಾಗಲೂ ಹೀಗೇ, ಎಲ್ಲ ಒಂದೇ ಹಸಿರು; ನೋಡುತ್ತಾ ಕೂತರೆ ಗೋಡೆಗಳು ಕಾಣತೊಡಗುತ್ತವೆ. ಬಾಕಿ ಉಳಿದ ಸಂದೇಶ ಯಾವುದು ಎಂದು ಹುಡುಕಿದೆ. ಅದು ಯಾರ ಕೈಯಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳಿದೆ. ಕೊನೆಗೆ ಒಂದು ಹೆಸರು ಬಂತು, ಬಾಯಲ್ಲಿ ಹೇಳಲಾಗದ ಎಂಟಕ್ಷರದ ಫೈಲಿನ ಹೆಸರು. ಬೇರೆ ಬೇರೆ ದಿನಗಳ ಫೈಲುಗಳನ್ನೂ ತೆರೆದೆ. ಎಲ್ಲದರಲ್ಲೂ ಅದೇ.

ನನ್ನ ಪೆನ್ನಿನದಲ್ಲ.

“ನಿನ್ನ ಪೆನ್ನಿಂದಲ್ಲ ತಾನೇ?” ಎಂದರು ಅತ್ತೆ, ನನ್ನ ಮುಖ ನೋಡಿ.

“ಅಲ್ಲ.”

“ನಾನು ಅವತ್ತೇ ಹೇಳಿರ್ಲಿಲ್ವಾ? ಅವನು ಯಾವತ್ತು ನನ್ನ ಮಾತು ಕೇಳಿದಾನೆ.” ಹೇಳುತ್ತ ಹೇಳುತ್ತ ಸೆರಗಿನಿಂದ ಮೂಗು ಒರೆಸಿಕೊಂಡರು.

ಗೆದ್ದಂತೆ ಅನಿಸಬೇಕಿತ್ತು. ‘ನೋಡಿದ್ಯಾ?’ ಎನ್ನಲು ನಾನು ತಿರುಗಿದ್ದೆ ಕೂಡ. ಗೋಡೆ ಇತ್ತು.

ಹಾಗಾದರೆ ಇದು ಯಾರದು? ಡ್ರೈವರಿನ ವಿವರ ತೆರೆದೆ. ಮಾಡಿದವರು ಪ್ರಾಣಿಗಳ ಆಸ್ಪತ್ರೆಗಳಿಗೆ ಉಪಕರಣ ತಯಾರಿಸುವ ಒಂದು ಸಣ್ಣ ಕಂಪನಿ. ನನ್ನ ಪೆನ್ನು ಮನೆಗೆ ಬರುವ ಸ್ವಲ್ಪ ಮುಂಚೆ ಅದು ನಮ್ಮ ಕಂಪ್ಯೂಟರು ಸೇರಿತ್ತು. ಸಾಧನವನ್ನು ಕಿತ್ತ ಮೇಲೂ ಆ ಡ್ರೈವರು ಅದಕ್ಕಾಗಿ ಒಂದು ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತದೆ. ಮಲಗು ಎಂದರೆ ಆ ಬಾಗಿಲಾಚೆಯ ಸಾಧನವನ್ನು ಕೇಳಲು ಹೋಗುತ್ತದೆ. ಅಲ್ಲಿ ಯಾರೂ ಇರುವುದಿಲ್ಲ. ಕೇಳುತ್ತಲೇ ಇರುತ್ತದೆ.

“ನಾಯಿ ಸಾಕೋ ಯೋಚನೆ ಇತ್ತೇನೋ ಅವನಿಗೆ,” ಎಂದರು ಅತ್ತೆ.

“ನಾಯಿ ಕಂಡ್ರೆ ರಸ್ತೆ ದಾಟ್ತಿದ್ದ ಅಲ್ವಾ ಅತ್ತೆ.”

“ಅದೂ ಹೌದು. ಅವನ ಸ್ನೇಹಿತ ಇದಾನಲ್ಲ, ನಾಯಿ ಡಾಕ್ಟ್ರು? ಅವನದ್ದೇನಾದ್ರೂ ಇರಬೇಕು.”

ನಾಯಿ ಡಾಕ್ಟ್ರು ಅವನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈಗ ಎರಡು ಬೀದಿ ಆಚೆ ಪ್ರಾಣಿಗಳ ಕ್ಲಿನಿಕ್ಕು ಇಟ್ಟುಕೊಂಡಿದ್ದಾನೆ. ಅಂತ್ಯಸಂಸ್ಕಾರದ ದಿನ ಬಂದಿದ್ದ. ಬಾಗಿಲ ಬಳಿ ಚಪ್ಪಲಿಗಳ ನಡುವೆಯೇ ನಿಂತಿದ್ದು, ನನ್ನ ಹತ್ತಿರ ಬರದೆ ಹೊರಟುಹೋಗಿದ್ದ.

ಆಫೀಸಿನವರು ತಂದುಕೊಟ್ಟಿದ್ದ ಅವನ ಚೀಲ ಮಲಗುವ ಕೋಣೆಯ ಬಾಗಿಲ ಹಿಂದೆ ನೇತಾಡುತ್ತಿತ್ತು. ಯಾರೂ ತೆರೆದಿರಲಿಲ್ಲ. ತೆರೆದೆ. ಊಟದ ಡಬ್ಬಿಯನ್ನು ಆಫೀಸಿನಲ್ಲಿ ಯಾರೋ ತೊಳೆದಿಟ್ಟಿದ್ದರು. ಅದರ ಕೆಳಗೆ, ಟವೆಲಿನಲ್ಲಿ ಸುತ್ತಿದ ಅಂಗೈಯಗಲದ ಬೂದು ಪೆಟ್ಟಿಗೆ. ಮುಚ್ಚಳದ ಮೇಲೆ ಪ್ರಾಣಿಯ ಪಾದದ ಗುರುತು. ಒಂದು ಕೇಬಲ್ಲು. ಇನ್ನೊಂದು ಬದಿಯಿಂದ ನಾಲ್ಕು ತಂತಿ, ಪ್ರತಿಯೊಂದರ ತುದಿಗೂ ಬೇರೆ ಬೇರೆ ಬಣ್ಣದ ಕ್ಲಿಪ್ಪು, ಮೊಸಳೆ ಬಾಯಿಯಂಥದ್ದು.

ಕೆಂಪು ಕ್ಲಿಪ್ಪನ್ನು ನನ್ನ ಮೊಣಕೈ ಒಳಭಾಗದಲ್ಲಿ ಹಾಕಿಕೊಂಡೆ. ನೋವಾಯಿತು. ತೆಗೆದೆ. ಚರ್ಮದ ಮೇಲೆ ಎರಡು ಪುಟ್ಟ ಕೆಂಪು ಗೆರೆ, ಎದುರುಬದುರು.

ಈ ಗುರುತು ನನಗೆ ಗೊತ್ತಿತ್ತು. ಅವನ ಎರಡೂ ಮೊಣಕೈಯಲ್ಲಿ ನೋಡಿದ್ದೆ, ಮೊಣಕಾಲ ಹತ್ತಿರವೂ. ತಿಗಣೆ ಇರಬೇಕು ಎಂದಿದ್ದ. ಹಾಸಿಗೆಯನ್ನು ಮಹಡಿಗೆ ಹೊತ್ತು ಬಿಸಿಲಿಗೆ ಹಾಕಿದ್ದೆವು. ಒಂದು ತುದಿ ಅವನೇ ಹಿಡಿದಿದ್ದ. ಮಹಡಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, “ಗಾಳಿ ಚೆನ್ನಾಗಿದೆ, ನೀನು ನಡಿ, ಬರ್ತೀನಿ” ಎಂದಿದ್ದ.

ನಾನು ನೆಲದ ಮೇಲೆ ಕೂತಿದ್ದೆ. ಅತ್ತೆ ಬಾಗಿಲಿಗೆ ಬಂದರು.

“ಏನದು?”

“ನಾಯಿ ಡಾಕ್ಟ್ರದು. ಏನೋ ಕೆಲಸಕ್ಕೆ ತಂದಿದ್ದ ಅನ್ಸುತ್ತೆ.”

“ಎರವಲು ತಂದಿದ್ದು ಇಟ್ಕೋಬಾರದು. ಕೊಟ್ಟು ಬಾ.”

ಹೋಗುವ ಮುಂಚೆ ಒಂದು ಕೆಲಸ ಮುಗಿಸಿದೆ. ಆ ಡ್ರೈವರನ್ನು ಬೇರುಸಹಿತ ತೆಗೆದೆ. ಪೆನ್ನು, ಪ್ರಿಂಟರು, ಸ್ಪೀಕರು ಎಲ್ಲವನ್ನೂ ಮತ್ತೆ ಸಿಕ್ಕಿಸಿದೆ. ಕಂಪ್ಯೂಟರನ್ನು ಮಲಗಿಸಿದೆ. ಪರದೆ ಕಪ್ಪಾಯಿತು. ಫ್ಯಾನು ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗಿ ನಿಂತಿತು. ಮುಂದಿನ ಸಣ್ಣ ದೀಪ ಮಿಣುಕತೊಡಗಿತು.

ಅತ್ತೆ ದನಿ ತಗ್ಗಿಸಿದರು. “ಮಲಗಿತಾ?”

“ಮಲಗಿತು.”

“ಇರಲಿ. ಎಬ್ಬಿಸಬೇಡ.”

ಕ್ಲಿನಿಕ್ಕಿನಲ್ಲಿ ಫಿನಾಯಿಲ್ ವಾಸನೆ. ಬೆಂಚಿನ ಮೇಲೆ ಒಬ್ಬ ವಯಸ್ಸಾದವರು, ಅವರ ಕಾಲ ಬಳಿ ಅವರಷ್ಟೇ ವಯಸ್ಸಾದ ಕಂದು ನಾಯಿ. ಅದು ತಲೆಯೆತ್ತಿ ನನ್ನನ್ನು ನೋಡಿ, ಕೆಲಸವಿಲ್ಲವೆಂದು ಮತ್ತೆ ಮಲಗಿತು. ನಾಯಿ ಡಾಕ್ಟ್ರು ಪರದೆ ಸರಿಸಿ ಹೊರಬಂದ. ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ. ಒಳಗೆ ಬನ್ನಿ ಎಂದು ಕೈಯಲ್ಲೇ ಸನ್ನೆ ಮಾಡಿದ.

“ಇದು ನಿಮ್ಮದು.”

“ನಾನೇ ಬರಬೇಕಿತ್ತು. ಬಂದು ಕೇಳೋ ಮುಖ ಇರ್ಲಿಲ್ಲ.”

“ಯಾಕೆ ತಗೊಂಡಿದ್ದ?”

ಅವನು ಕೈ ತೊಳೆಯತೊಡಗಿದ. ತೊಳೆದ ಕೈಯನ್ನೇ ಮತ್ತೆ ತೊಳೆದ. “ಎದೆ ಒಂದೊಂದು ಸಲ ಮೆಟ್ಟಿಲು ತಪ್ಪಿದ ಹಾಗೆ ಆಗುತ್ತೆ ಅಂದ. ಆಸ್ಪತ್ರೆಗೆ ಹೋಗೋ ಮಾರಾಯ ಅಂದೆ. ಹೋದ್ರೆ ಮನೇಲಿ ಗೊತ್ತಾಗುತ್ತೆ, ಅಮ್ಮ ಊಟ ಬಿಡ್ತಾಳೆ, ಇವಳು ನೀರಿನ ಗ್ಲಾಸು ಎತ್ತೋಕೂ ಬಿಡಲ್ಲ, ಮೊದಲು ನಿನ್ನ ಮೆಷಿನ್ನಲ್ಲಿ ನೋಡ್ಕೋತೀನಿ ಅಂದ. ಇದು ನಾಯಿಗಳ ಎದೆಬಡಿತ ನೋಡೋದು ಕಣೋ ಅಂದೆ. ಸ್ಕೂಲಿಂದ ನನ್ನನ್ನ ನಾಯಿ ಅಂತಾನೇ ಬೈತಾ ಇದೀಯಲ್ಲ, ಇವತ್ತು ಏನು ಮರ್ಯಾದೆ ಅಂದ.”

ಅವನ ಮುಖದಲ್ಲಿ ನಗು ಬಂದು ಅಲ್ಲೇ ಸಿಕ್ಕಿಕೊಂಡಿತು.

“ಆ ಪ್ರೋಗ್ರಾಂ ತಳಿ ಕೇಳುತ್ತೆ, ತೂಕ ಕೇಳುತ್ತೆ. ‘ದೊಡ್ಡ ತಳಿ’ ಅಂತ ಹಾಕಿದ್ನಂತೆ. ಯಜಮಾನರು ಯಾರು ಅಂತ ಹೇಳದೆ ಮುಂದೆ ಹೋಗಲ್ಲ ಅದು. ನಿಮ್ಮ ಹೆಸರು ಹಾಕಿದ್ನಂತೆ. ಹೋಗೋ ಹಿಂದಿನ ದಿನ ಮಧ್ಯಾಹ್ನ ಫೋನಲ್ಲಿ ಹೇಳಿ ಬಿದ್ದು ಬಿದ್ದು ನಕ್ಕ.”

“ಏನು ಬಂತು ಅದರಲ್ಲಿ?”

“‘ಸಹಜ’ ಅಂತ ಬಂತಂತೆ.” ನಲ್ಲಿ ನಿಲ್ಲಿಸಿದ. “ನಾಯಿಗಳ ಬಡಿತ ಹುಟ್ಟಾ ಏರುಪೇರು. ಉಸಿರು ತಗೊಂಡಾಗ ಒಂದು ಥರ, ಬಿಟ್ಟಾಗ ಒಂದು ಥರ. ಲಯ ತಪ್ಪಿದ್ರೆ ಆ ಪ್ರೋಗ್ರಾಂ ತಲೆ ಕೆಡಿಸ್ಕೊಳ್ಳಲ್ಲ, ಅದಕ್ಕೆ ಅದೇ ಸರಿ. ಮನುಷ್ಯನಿಗೆ ಇಸಿಜಿಯಲ್ಲಿ ಅಂಥ ಗೆರೆ ಬಂದ್ರೆ ಅವತ್ತೇ ಹಿಡಿದು ಮಲಗಿಸ್ತಾರೆ. ನಾನು ಗೆರೆ ನೋಡ್ಲಿಲ್ಲ. ಸಹಜ ಅಂದ್ರೆ ನಾಯಿಗೆ ಸಹಜ ಕಣೋ ಅಂತ ಹೇಳಿದೆ. ಹೇಳಿದ್ದು ನಿಜ. ಆದ್ರೆ ತಮಾಷೆ ದನಿಯಲ್ಲಿ ಹೇಳಿದೆ. ಅವನು ನಕ್ಕ. ನಾನೂ ನಕ್ಕೆ. ನಾಳೆ ಸಂಜೆ ಮೆಷಿನ್ ತಂದುಕೊಡ್ತೀನಿ ಅಂದ.”

ಹೊರಗೆ ನಾಯಿಯ ಸರಪಳಿ ಒಮ್ಮೆ ಸದ್ದು ಮಾಡಿತು.

“ಇದು ಕಂಪ್ಯೂಟರ್ ಕೆಡಿಸುತ್ತೆ ಅಂತ ಅವನಿಗೆ ಗೊತ್ತಿತ್ತಾ?” ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಇಷ್ಟೆಲ್ಲ ಕೇಳಿದ ಮೇಲೆ ಇದನ್ನೇಕೆ ಕೇಳುತ್ತಿದ್ದಾಳೆ ಎಂಬಂತೆ ನೋಡಿದ. “ಕಂಪ್ಯೂಟರಾ? ಹ್ಞೂಂ, ಗೊತ್ತಿತ್ತು. ಇಲ್ಲೂ ಹಾಗೇ ಮಾಡ್ತಿತ್ತು. ಇದನ್ನ ಹಾಕಿದ ಮೇಲೆ ಕಂಪ್ಯೂಟರ್ ಮಲಗಿಸಬೇಡ, ಪೂರ್ತಿ ಆಫ್ ಮಾಡು ಅಂತ ಕೊಡುವಾಗಲೇ ಹೇಳಿದ್ದೆ. ಮರೆತಿರಬೇಕು. ನೆನಪು ಮಾಡೋಣ ಅಂತ ಅವತ್ತು ಫೋನಲ್ಲೂ ಮತ್ತೆ ಹೇಳಿದೆ.”

ನನಗೆ ಬೇಕಿದ್ದ ಉತ್ತರ ಅದು. ಸಾಬೀತು ಮಾಡು ಎಂದು ನಾನು ಹೇಳಿದಾಗ ಅವನ ಬಳಿ ಸಾಬೀತು ಇತ್ತು, ಟವೆಲಿನಲ್ಲಿ ಸುತ್ತಿ. ತೆಗೆದು ತೋರಿಸಿದ್ದರೆ ವಾದದಲ್ಲಿ ಸೋಲುತ್ತಿದ್ದ. ಸೋತ ಕೂಡಲೇ ನಾನು ಅವನ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದೆ, ಅವತ್ತೇ, ಉಟ್ಟ ಬಟ್ಟೆಯಲ್ಲೇ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ನನ್ನ ಪೆನ್ನಿನ ಮೇಲೆ ಹೊರಿಸಿ ಎದ್ದುಹೋದ.

“ಬೈಯೋದಿದ್ರೆ ಬೈದುಬಿಡಿ ನನ್ನ,” ಎಂದ ನಾಯಿ ಡಾಕ್ಟ್ರು.

“ಸರದಿ ಇದೆ. ಮೊದಲು ಅವನಿಗೆ ಬೈಯೋದು ಮುಗೀಲಿ.”

ಅವನು ತಲೆಯಾಡಿಸಿದ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ. ಅವನು ಮುಟ್ಟಲಿಲ್ಲ.

“ಅವನ ಗೆರೆ ಇದರೊಳಗೆ ಇನ್ನೂ ಇರಬಹುದು,” ಎಂದ. “ನಿಮಗೆ ಬೇಕಿದ್ರೆ…”

“ಆ ಮುದಿ ನಾಯಿಗೆ ಏನಾಗಿದೆ?”

“ಎದೆಯದ್ದೇ. ಇದಿಲ್ಲದೆ ಕಿವಿಯಲ್ಲೇ ಕೇಳಿಕೊಂಡು ಔಷಧಿ ಕೊಡ್ತಿದೀನಿ.”

“ಹಾಗಾದ್ರೆ ಅಳಿಸಿ. ಅದಕ್ಕೆ ಹಾಕಿ ನೋಡಿ. ಡ್ರೈವರು ಹೊಸದು ಬಂದಿದೆ, ಕಂಪನಿಯವರ ಹತ್ರ ಕೇಳಿ ಹಾಕಿಸ್ಕೊಳ್ಳಿ. ಹಳೇದು ಮಲಗೋಕೆ ಬಿಡಲ್ಲ.”

ತಂತಿಗಳು ಒಂದಕ್ಕೊಂದು ಸುತ್ತಿಕೊಂಡಿದ್ದವು. ಬಿಡಿಸಿದೆ. ಕೆಂಪು, ಹಳದಿ, ಹಸಿರು, ಕಪ್ಪು ಕ್ಲಿಪ್ಪುಗಳನ್ನು ಟವೆಲಿನ ತುದಿಯಿಂದ ಒರೆಸಿ, ಒಂದರ ಪಕ್ಕ ಒಂದು ಇಟ್ಟೆ. ಟವೆಲು ನಮ್ಮ ಮನೆಯದು, ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ನಾನು ಪರದೆ ಸರಿಸಿ ಹೊರಗೆ ಬಂದಾಗ ಆ ವಯಸ್ಸಾದವರು ನಾಯಿಯನ್ನು ಎರಡೂ ಕೈಯಲ್ಲಿ ಎತ್ತಲು ಹೆಣಗುತ್ತಿದ್ದರು. ಅದರ ಹಿಂಗಾಲು ನಾನು ಹಿಡಿದೆ. ಇಬ್ಬರೂ ಸೇರಿ ಒಳಗೆ ಮೇಜಿನ ಮೇಲೆ, ಆ ಪೆಟ್ಟಿಗೆಯ ಪಕ್ಕ, ಮಲಗಿಸಿದೆವು.